ಬಸುರಿ ಮನೇಲಿದ್ರೆ ಏಳನೇ ತಿಂಗಳೊಳಗೆ ಮನೆಯವರೂ ಊರವರೂ ಮಾಡಿ ಮುಗಿಸ್ಬೇಕಾದ ಕೆಲಸ

ಇದನ್ನ ಬಸುರಿ ಹೆಣ್ಣುಮಕ್ಕಳಿಗೆ ಅಂತ ಬರೀತಿಲ್ಲ. ಅವರಿಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ, ಅದು ತಿನ್ನು ಇದು ತಿನ್ಬೇಡ, ಭಾರ ಎತ್ಬೇಡ, ಗ್ರಹಣ ನೋಡ್ಬೇಡ ಅಂತ. ಇದು ಅವಳ ಗಂಡನಿಗೆ, ಅಣ್ಣ ತಮ್ಮಂದಿರಿಗೆ, ಅತ್ತೆ ಮಾವಂಗೆ, ಕೈಯಲ್ಲಿ ಫೋನ್ ಇಟ್ಕೊಂಡು ಇದನ್ನ ಓದ್ತಿರೋ ಮೈದುನನಿಗೆ. ಯಾಕಂದ್ರೆ ರಾತ್ರಿ ಹನ್ನೊಂದಕ್ಕೆ ನೋವು ಶುರುವಾದಾಗ ಗಾಡಿ ಕರೆಸ್ಬೇಕಾ, ಬೆಳಿಗ್ಗೆವರೆಗೂ ನೋಡೋಣ್ವಾ, ಯಾವ ಆಸ್ಪತ್ರೆಗೆ ಹೋಗೋದು ಅಂತ ತೀರ್ಮಾನ ಮಾಡೋದು ಅವಳಲ್ಲ, ನೀವು.

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ ಆಗ್ತಿದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ದೊಡ್ಡ ವಿಷಯಾನೇ ಅದು. ಆದ್ರೂ 2018-20ರ ಸರ್ಕಾರಿ ಲೆಕ್ಕದಲ್ಲಿ ಪ್ರತಿ ಒಂದು ಲಕ್ಷ ಮಕ್ಕಳು ಜೀವಂತ ಹುಟ್ಟಿದಾಗ ನಮ್ಮಲ್ಲಿ 69 ತಾಯಂದಿರು ತೀರ್ಕೊಂಡಿದ್ದಾರೆ, ಪಕ್ಕದ ಕೇರಳದಲ್ಲಿ ಅದೇ ಲೆಕ್ಕ 19. ಆಮೇಲೆ ನಮ್ಮದು ಸ್ವಲ್ಪ ಇಳಿದಿದೆ, ಆದ್ರೆ ದಕ್ಷಿಣದ ರಾಜ್ಯಗಳಲ್ಲಿ ನಾವು ಹಿಂದೇನೇ ಇದ್ದೀವಿ. ಪ್ರಪಂಚದ ಲೆಕ್ಕ ತಗೊಂಡ್ರೆ 2020ರಲ್ಲಿ ಸುಮಾರು 2,87,000 ಹೆಂಗಸರು ಬಸಿರು, ಹೆರಿಗೆ, ಬಾಣಂತನದಲ್ಲಿ ಸತ್ತಿದ್ದಾರೆ, ದಿನಕ್ಕೆ ಹತ್ತಿರ ಹತ್ತಿರ 800, ಅದರಲ್ಲಿ ನೂರಕ್ಕೆ 95 ಬಡ ದೇಶಗಳಲ್ಲಿ, ನಮ್ಮಂಥ ಕೆಳಮಧ್ಯಮ ಆದಾಯದ ದೇಶಗಳಲ್ಲಿ. ಸಾಯೋ ಕಾರಣಗಳು ಎಲ್ಲಾ ಕಡೆ ಒಂದೇ: ರಕ್ತಸ್ರಾವ, ಬಿಪಿ ಏರಿ ಫಿಟ್ಸ್ ಬರೋದು, ನಂಜು, ಮಗು ಅಡ್ಡ ಸಿಕ್ಕೊಳ್ಳೋದು, ಕದ್ದುಮುಚ್ಚಿ ಮಾಡಿಸೋ ಅಬಾರ್ಷನ್. ಈ ಐದಕ್ಕೂ ಚಿಕಿತ್ಸೆ ಇದೆ, ಔಷಧಿ ಇದೆ, ಅದೂ ಕಡಿಮೆ ದುಡ್ಡಿಂದೇ. ಇಲ್ದೇ ಇರೋದು ಟೈಮು.

1994ರಲ್ಲಿ ಥಡ್ಡಿಯಸ್, ಮೇನ್ ಅನ್ನೋ ಇಬ್ಬರು ಸಂಶೋಧಕರು ಇದನ್ನ ಮೂರು ತಡ ಅಂತ ಬಿಡಿಸಿ ಹೇಳಿದ್ರು. ಮನೇಲಿ ಹೊರಡೋಣ ಅಂತ ತೀರ್ಮಾನ ಮಾಡೋದ್ರಲ್ಲಿ ತಡ, ದಾರೀಲಿ ತಡ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆ ಸಿಗೋದ್ರಲ್ಲಿ ತಡ. ಆರೋಗ್ಯ ಇಲಾಖೇಲಿ ಕೆಲಸ ಮಾಡೋರೆಲ್ಲಾ ಇವತ್ತಿಗೂ ಹೀಗೇ ಲೆಕ್ಕ ಹಾಕ್ತಾರೆ. ಮೊದಲೆರಡು ತಡ ಪೂರ್ತಿ ನಿಮ್ಮ ಕೈಲಿದೆ, ಮೂರನೇದು ಅರ್ಧ ನಿಮ್ಮ ಊರಿನ ಕೈಲಿದೆ. ಕುಬಸ, ಸೀಮಂತ ಮಾಡೋ ಹೊತ್ತಿಗೆ ಕೆಳಗಿನ ಕೆಲಸಗಳು ಮುಗಿದಿರ್ಬೇಕು. ಎಂಟರಲ್ಲಿ ನೋಡೋಣ ಅಂತ ಬಿಟ್ರೆ ಆಗಲ್ಲ, ಎಂಟನೇ ತಿಂಗಳಲ್ಲೇ ನೀರು ಹೋಗಿ ಹೆರಿಗೆ ಆಗಿರೋರು ಬೇಕಾದಷ್ಟು ಜನ ಇದ್ದಾರೆ.

ಮೊದಲು ತಾಯಿ ಕಾರ್ಡ್ ಓದೋದು ಕಲೀರಿ

ಮುಟ್ಟು ನಿಂತಿದೆ ಅಂತ ಗೊತ್ತಾದ ತಕ್ಷಣ, ಮೂರು ತಿಂಗಳೊಳಗೆ, ಆಶಾ ಕಾರ್ಯಕರ್ತೆ ಹತ್ರ ಹೆಸರು ಬರೆಸಿ. ದೃಷ್ಟಿ ತಾಗುತ್ತೆ, ಮೂರು ತಿಂಗಳು ಯಾರಿಗೂ ಹೇಳ್ಬಾರ್ದು ಅಂತಾರಲ್ಲ, ಊರಿಗೆ ಹೇಳ್ಬೇಡಿ ಬಿಡಿ, ಆಶಾಗೆ ಮಾತ್ರ ಹೇಳಿ. ಅವರು ಪಿಎಚ್‌ಸಿಯಿಂದ (ಪ್ರಾಥಮಿಕ ಆರೋಗ್ಯ ಕೇಂದ್ರ) ತಾಯಿ ಕಾರ್ಡ್ ಮಾಡಿಸಿ ಕೊಡ್ತಾರೆ. ಆ ಕಾರ್ಡು ತುಂಬಾ ಮನೆಗಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇರುತ್ತೆ, ಯಾರೂ ತೆಗೆದು ನೋಡಿರಲ್ಲ. ಕೂತ್ಕೊಂಡು ನೋಡಿ. ಅದರಲ್ಲಿ ಕೊನೇ ಮುಟ್ಟಿನ ತಾರೀಕು, ಹೆರಿಗೆ ಅಂದಾಜು ತಾರೀಕು, ರಕ್ತದ ಗುಂಪು, ಎಚ್‌ಬಿ (ರಕ್ತದಲ್ಲಿರೋ ಹಿಮೋಗ್ಲೋಬಿನ್), ಬಿಪಿ, ಮೂತ್ರ ಪರೀಕ್ಷೆ, ಶುಗರ್, ಎಚ್‌ಐವಿ, ತೂಕ, ಎತ್ತರ, ಧನುರ್ವಾಯು ತಡೆಯೋ ಟಿಡಿ ಇಂಜೆಕ್ಷನ್ ಹಾಕಿದ ದಿನ ಎಲ್ಲಾ ಬರೆಯೋಕೆ ಜಾಗ ಇರುತ್ತೆ. ಖಾಲಿ ಇರೋ ಜಾಗ ಯಾವುದು ಅಂತ ನೋಡಿ, ಮುಂದಿನ ಸಲ ಹೋದಾಗ ಸಿಸ್ಟರ್ ಹತ್ರ ಅದನ್ನೇ ಕೇಳಿ, "ಸಿಸ್ಟರ್, ಈ ಸಲ ಬಿಪಿ ನೋಡಿಲ್ವಲ್ಲಾ, ನೋಡಿ ಬರೀರಿ" ಅಂತ. ಜಗಳ ಮಾಡೋ ಥರ ಅಲ್ಲ, ಮರ್ಯಾದೆಯಿಂದ. ಕೇಳಿದ್ರೆ ಮಾಡೇ ಮಾಡ್ತಾರೆ.

ಕಡಿಮೆ ಅಂದ್ರೂ ನಾಲ್ಕು ಸಲ ಚೆಕಪ್ ಆಗ್ಬೇಕು, ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಸಲ ಅಂತಿದೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ ಬಸುರಿಯರಿಗೇ ಇಟ್ಟಿರೋ ದಿನ, ಅವತ್ತು ಡಾಕ್ಟ್ರೇ ನೋಡ್ತಾರೆ, ನಾಲ್ಕನೇ ತಿಂಗಳಾದ ಮೇಲೆ ಒಂದ್ಸಲನಾದ್ರೂ ಅವತ್ತು ಹೋಗ್ಲೇಬೇಕು. ಕಾರ್ಡ್ ಮೇಲೆ ಕೆಂಪು ಸ್ಟಿಕರ್ ಅಂಟಿಸಿದ್ರೆ ಹೈ ರಿಸ್ಕ್ ಅಂತ ಅರ್ಥ. ಹೆದರೋದು ಬೇಡ, ಆದ್ರೆ ಆ ಹೆಣ್ಣುಮಗಳ ಹೆರಿಗೆ ಸಣ್ಣ ಆಸ್ಪತ್ರೇಲಿ ಮಾಡಿಸ್ಬಾರ್ದು. ಮೊದಲ್ನೇದು ಸಿಸೇರಿಯನ್ ಆಗಿರೋರು, ಅವಳಿ ಮಕ್ಕಳು, ಮಗು ಅಡ್ಡ ಇರೋದು, ಬಿಪಿ, ಶುಗರ್, ಎಚ್‌ಬಿ 7ಕ್ಕಿಂತ ಕಡಿಮೆ, 18 ತುಂಬದ ಹುಡುಗಿ, 35 ದಾಟಿದೋರು, ಹಿಂದಿನ ಹೆರಿಗೇಲಿ ಜಾಸ್ತಿ ರಕ್ತ ಹೋದೋರು, ಇವರೆಲ್ಲಾ ಹೈ ರಿಸ್ಕೇ.

ಇನ್ನೊಂದು ಮುಖ್ಯ. ಕಾರ್ಡಿನ ಪ್ರತಿ ಪುಟ ಫೋಟೋ ತೆಗೆದು ಗಂಡನ ಮನೆ, ತವರು ಮನೆ ಎರಡೂ ಕಡೆ ಫೋನಿಗೆ ವಾಟ್ಸಪ್ ಮಾಡಿಡಿ. ನಮ್ಮಲ್ಲಿ ಮೊದಲ ಹೆರಿಗೆ ತವರಲ್ಲೇ ಅಲ್ವಾ, ಏಳರಲ್ಲೋ ಒಂಬತ್ತರಲ್ಲೋ ಹುಡುಗಿ ತವರಿಗೆ ಹೋಗ್ತಾಳೆ, ಇಲ್ಲಿನ ಆಶಾ ಅವಳು ಹೋದಳು ಅಂತ ಬರ್ಕೋತಾರೆ, ಅಲ್ಲಿನ ಆಶಾಗೆ ಅವಳು ಬಂದಿರೋದೇ ಗೊತ್ತಿರಲ್ಲ, ಅತಿ ಜಾಸ್ತಿ ನಿಗಾ ಬೇಕಾದ ಟೈಮಲ್ಲೇ ಅವಳು ಯಾರ ಲಿಸ್ಟಲ್ಲೂ ಇರಲ್ಲ. ಹೋಗೋ ಮೊದಲೇ ತವರಿನ ಊರಿನ ಆಶಾ ನಂಬರ್ ತಗೊಂಡು ನಿಮ್ಮೂರಿನ ಆಶಾ ಜೊತೆ ಮಾತಾಡಿಸಿ, ಎರಡು ನಿಮಿಷದ ಕೆಲಸ. ಗುಳೆ ಹೋಗೋರಿಗಂತೂ ಇದು ಇನ್ನೂ ಬೇಕು. ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬರೋ ಸಂಸಾರಗಳಲ್ಲಿ ಆರು ತಿಂಗಳ ಬಸುರಿ ಕೂಡ ಇರ್ತಾಳೆ, ಶೆಡ್ಡಿನಲ್ಲಿ ಇರ್ತಾಳೆ, ಕಾರ್ಡು ಊರಲ್ಲಿ ಇರುತ್ತೆ. ಕಾರ್ಡ್ ಜೊತೇಲೇ ತಗೊಂಡು ಬನ್ನಿ, ಬಂದ ವಾರದಲ್ಲೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರ್ಸಿ. ಈ ಊರಿನೋರಲ್ಲ ಅಂತ ವಾಪಸ್ ಕಳ್ಸೋ ಹಂಗಿಲ್ಲ.

ರಕ್ತ: ಹೆರಿಗೆಗೆ ಮೊದಲೇ ಕೂಡಿಡೋದು

ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳೋದು ಇದನ್ನೇ. ಎಚ್‌ಬಿ 12 ಇರೋ ಹೆಂಗಸಿಗೆ ಹೆರಿಗೇಲಿ ಒಂದು ಲೀಟರ್ ರಕ್ತ ಹೋದ್ರೂ ಗಾಡೀಲಿ ತಾಲ್ಲೂಕಾಸ್ಪತ್ರೆ ತಲುಪೋಕೆ ಟೈಮ್ ಸಿಗಬಹುದು, ಎಚ್‌ಬಿ 6 ಇರೋಳಿಗೆ ಅದರ ಅರ್ಧ ಹೋದ್ರೂ ಜೀವಕ್ಕೆ ಕುತ್ತು. ಕರ್ನಾಟಕದ ಬಸುರಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. 11ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ ಅಂತಾನೇ ಲೆಕ್ಕ. "ನಮ್ಮ ಕಡೆ ಎಲ್ಲರಿಗೂ 8, 9 ಇರೋದೇ" ಅಂತ ಸುಮ್ಮನಾಗೋದು ಬೇಡ.

ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, 180 ದಿನ, ಹೆರಿಗೆ ಆದ ಮೇಲೂ ಇನ್ನೊಂದು 180 ದಿನ. ಫ್ರೀ. ಸಮಸ್ಯೆ ಮಾತ್ರೆ ಸಿಗೋದ್ರಲ್ಲಿ ಅಷ್ಟಿಲ್ಲ, ನುಂಗೋದ್ರಲ್ಲಿದೆ. ಮಾತ್ರೆ ನುಂಗಿದ್ರೆ ವಾಕರಿಕೆ ಬರುತ್ತೆ, ಹೊಟ್ಟೆ ಕಟ್ಟುತ್ತೆ, ಮಲ ಕಪ್ಪಗೆ ಹೋಗುತ್ತೆ, ಮೇಲಿಂದ ಅತ್ತೆ ಮಗು ಕಪ್ಪಾಗುತ್ತೆ, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತಾರೆ, ಅಲ್ಲಿಗೆ ಮಾತ್ರೆ ಡಬ್ಬಿ ದಿಂಬಿನಡಿ ಸೇರುತ್ತೆ. ಅಮ್ಮಾ, ಅತ್ತೆ ಅವರೇ, ನಿಮ್ಮ ಕಾಳಜಿ ನಿಜವಾದದ್ದೇ, ಆದ್ರೆ ಮಗು ಬಣ್ಣಕ್ಕೂ ಮಾತ್ರೆಗೂ ಸಂಬಂಧ ಇಲ್ಲ. ಮಲ ಕಪ್ಪಗೆ ಹೋಗೋದು ಕಬ್ಬಿಣದ್ದೇ, ಅದರಿಂದ ಏನೂ ತೊಂದರೆ ಇಲ್ಲ. ವಾಕರಿಕೆ ಬಂದ್ರೆ ರಾತ್ರಿ ಊಟ ಆಗಿ ಮಲಗೋ ಮುಂಚೆ ನುಂಗ್ಲಿ. ಮಾತ್ರೆ ಜೊತೆ ಟೀ ಕಾಫಿ ಬೇಡ, ಊಟ ಆದ ತಕ್ಷಣಾನೂ ಟೀ ಕಾಫಿ ಬೇಡ, ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ. ನಿಂಬೆಹಣ್ಣು ಹಿಂಡ್ಕೊಂಡು ತಿಂದ್ರೆ ಚೆನ್ನಾಗಿ ಹತ್ತುತ್ತೆ. ಕ್ಯಾಲ್ಸಿಯಂ ಮಾತ್ರೇನೂ ಕೊಡ್ತಾರೆ, ದಿನಕ್ಕೆ ಎರಡು, ಅದನ್ನ ಕಬ್ಬಿಣದ ಜೊತೆ ಸೇರಿಸಿ ನುಂಗ್ಬಾರ್ದು, ಅದನ್ನ ಬೆಳಿಗ್ಗೆ ಮಧ್ಯಾಹ್ನ ಊಟದ ಜೊತೆ, ಇದನ್ನ ರಾತ್ರಿ. ಜಂತುಹುಳದ ಮಾತ್ರೆ ನಾಲ್ಕನೇ ತಿಂಗಳಾದ ಮೇಲೆ ಒಂದು. ಗಂಡ ಆದೋನು ರಾತ್ರಿ ಮಾತ್ರೆ, ನೀರು ತಂದು ಕೈಗೆ ಕೊಡೋದು ಒಂದು ಅಭ್ಯಾಸ ಮಾಡ್ಕೊಂಡ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಮಾತ್ರೆ ಸರಿಯಾಗಿ ನುಂಗಿದ್ರೂ ಒಂದು ತಿಂಗಳಲ್ಲಿ ಎಚ್‌ಬಿ ಒಂದಾದ್ರೂ ಏರದಿದ್ರೆ, ಅಥವಾ ಏಳನೇ ತಿಂಗಳಾದ್ರೂ 9ರ ಕೆಳಗೇ ಇದ್ರೆ, ಡ್ರಿಪ್‌ನಲ್ಲಿ ಹಾಕೋ ಕಬ್ಬಿಣದ ಬಗ್ಗೆ ಡಾಕ್ಟ್ರನ್ನ ಕೇಳಿ. 7ಕ್ಕಿಂತ ಕೆಳಗಿದ್ರೆ ಅಡ್ಮಿಟ್ ಆಗ್ಬೇಕಾಗಬಹುದು, ರಕ್ತ ಹಾಕ್ಬೇಕಾಗಬಹುದು, ನಾಟಿ ಮುಗೀಲಿ ಹಬ್ಬ ಮುಗೀಲಿ ಅಂತ ಮುಂದೂಡ್ಬೇಡಿ. ಅಂಗನವಾಡೀಲಿ ಮಾತೃಪೂರ್ಣ ಯೋಜನೆ ಊಟ 2017ರಿಂದ ಇದೆ, ಅನ್ನ ಸಾರು ಪಲ್ಯ ಮೊಟ್ಟೆ ಹಾಲು ಚಿಕ್ಕಿ. ಅಲ್ಲಿಗೆ ಹೋಗಿ ಕೂತು ಉಣ್ಣೋಕೆ ಎಷ್ಟೋ ಸೊಸೆಯಂದಿರಿಗೆ ಸಂಕೋಚ, ಮನೆಯವರು "ನಮ್ಮನೇಲಿ ಅನ್ನಕ್ಕೆ ಗತಿ ಇಲ್ವಾ" ಅಂತಾರೆ. ಮನೇಲಿ ಎಲ್ಲರೂ ಉಂಡ ಮೇಲೆ ಉಣ್ಣೋ ಸೊಸೆಗೆ ದಿನಾ ಒಂದು ಮೊಟ್ಟೆ, ಒಂದು ಹೊತ್ತಿನ ಬಿಸಿ ಊಟ ಖಾತ್ರಿಯಾಗಿ ಸಿಗೋ ಜಾಗ ಅದು. ದಯವಿಟ್ಟು ಕಳ್ಸಿ.

ಬಿಪಿ ವಿಷಯ

140/90 ದಾಟಿದ್ರೆ ಅವತ್ತೇ ಡಾಕ್ಟ್ರ ಹತ್ರ. 160/110 ಅಂದ್ರೆ ಅರ್ಜೆಂಟು, ಆ ಕ್ಷಣಾನೇ ಹೊರಡಿ. ತುಂಬಾ ತಲೆನೋವು, ಕಣ್ಣು ಮಂಜಾಗೋದು, ಮುಖ ಕೈ ಊದ್ಕೊಳ್ಳೋದು, ಎದೆಗೂಡಿನ ಕೆಳಗೆ ಹೊಟ್ಟೆನೋವು, ಇದನ್ನ ಪಿತ್ತ ಗ್ಯಾಸು ಅಂತ ತಿಳ್ಕೊಂಡು ಸೋಡಾ ಕುಡಿಸಿ ಮಲಗಿಸ್ತಾರೆ. ಬಸುರೀಲಿ ಇದು ಬಿಪಿದೇ ಇರಬಹುದು. ಕಾಲು ಊತ ಎಲ್ಲರಿಗೂ ಸಾಮಾನ್ಯ, ಮುಖ ಊದಿದ್ರೆ ಸಾಮಾನ್ಯ ಅಲ್ಲ.

ಫಿಟ್ಸ್ ಬಂದೇ ಬಿಟ್ರೆ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸೋಕೆ ಓಡ್ಬೇಡಿ. ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ ನೀರು ಏನೂ ಹಾಕ್ಬೇಡಿ, ಕೈಗೆ ಬೀಗದ ಕೈ ಕೊಟ್ರೆ ನಿಲ್ಲಲ್ಲ, 108ಕ್ಕೆ ಫೋನ್ ಮಾಡಿ. ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಅಂತ ಇಂಜೆಕ್ಷನ್ ಇದೆ, ಹಳೇ ಔಷಧಿ, ಅಗ್ಗದ್ದು. 2002ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಬಿಪಿ ಇರೋ ಬಸುರಿಯರಿಗೆ ಇದನ್ನ ಕೊಟ್ರೆ ಫಿಟ್ಸ್ ಬರೋದು ಅರ್ಧಕ್ಕರ್ಧ ಕಡಿಮೆ ಆಗುತ್ತೆ ಅಂತ ಖಾತ್ರಿ ಆಯ್ತು. ಪಿಎಚ್‌ಸಿ ಸಿಸ್ಟರೇ ಮೊದಲ ಡೋಸ್ ಎರಡೂ ಕಡೆ ಸೊಂಟಕ್ಕೆ ಕೊಟ್ಟು ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಹಂಗೇ ರೆಫರ್ ಚೀಟಿ ಬರೆದು ಕೊಟ್ರೆ ಒಂದು ಮಾತು ಕೇಳಿ, "ಮೊದಲ ಡೋಸ್ ಕೊಟ್ಟಿದ್ದೀರಾ, ಚೀಟೀಲಿ ಬರ್ದಿದ್ದೀರಾ" ಅಂತ.

ಗಾಡಿ, ಆಸ್ಪತ್ರೆ, ರಕ್ತ ಕೊಡೋರು, ದುಡ್ಡು

ಒಂದು ಹಾಳೆ ತಗೊಂಡು ಇದನ್ನೆಲ್ಲಾ ಬರೆದು ಗೋಡೆಗೆ ಅಂಟಿಸಿ. ಫೋನಲ್ಲಿ ಮಾತ್ರ ಇಟ್ಕೋಬೇಡಿ, ಆ ಫೋನು ಇರೋನು ಅವತ್ತು ಊರಲ್ಲಿ ಇಲ್ದೇ ಇರಬಹುದು.

ಆಸ್ಪತ್ರೆ ಯಾವುದು ಅನ್ನೋದು ಮೊದಲು. ನೋವು ಬಂದಾಗ ಹತ್ತಿರ ಯಾವುದೋ ಅಲ್ಲಿಗೆ ಅನ್ನೋದು ಅಪಾಯ. ತಾಲ್ಲೂಕಾಸ್ಪತ್ರೆಗೆ ಹಗಲು ಒಂದ್ಸಲ ಹೋಗಿ ಕೇಳ್ಕೊಂಡು ಬನ್ನಿ: ರಾತ್ರಿ ಹೆರಿಗೆ ಡಾಕ್ಟ್ರು ಇರ್ತಾರಾ, ಅರಿವಳಿಕೆ ಡಾಕ್ಟ್ರು ಇದ್ದಾರಾ ಅಥವಾ ವಾರಕ್ಕೆ ಎರಡು ದಿನ ಬರ್ತಾರಾ, ರಕ್ತ ಇಡೋ ಫ್ರಿಜ್ ಇದ್ಯಾ, ಮಕ್ಕಳ ಡಾಕ್ಟ್ರು ಇದ್ದಾರಾ. ಅರಿವಳಿಕೆ ಡಾಕ್ಟ್ರು ಇಲ್ದಿದ್ರೆ ಸಿಸೇರಿಯನ್ ಇಲ್ಲ, ಅಷ್ಟೇ. ಕಟ್ಟಡ ಎಷ್ಟೇ ದೊಡ್ಡದಿರ್ಲಿ. ತೊಂದರೆ ಇಲ್ದೇ ಇರೋ ಹೆರಿಗೆ, 24 ಗಂಟೆ ಸಿಸ್ಟರ್ ಇರೋ ಪಿಎಚ್‌ಸೀಲಿ ಚೆನ್ನಾಗೇ ಆಗುತ್ತೆ, ಕೆಂಪು ಸ್ಟಿಕರ್‌ನೋರು ಮಾತ್ರ ನೇರ ಅರಿವಳಿಕೆ, ರಕ್ತ ಎರಡೂ ಇರೋ ಜಾಗಕ್ಕೆ. ಮೂರು ಆಸ್ಪತ್ರೆ ಸುತ್ತಿ ನಾಲ್ಕನೇದಕ್ಕೆ ಹೋಗೋ ಹೊತ್ತಿಗೆ ಕೈ ಮೀರಿರುತ್ತೆ, ಎಷ್ಟೋ ಸಾವುಗಳ ಕತೆ ಇದೇ.

ಗಾಡಿಗೆ 108 ಇದೆ, 2008ರಿಂದ ನಮ್ಮ ರಾಜ್ಯದಲ್ಲಿ ಓಡ್ತಿದೆ, ಫ್ರೀ. ಫೋನ್ ಮಾಡಿದಾಗ ಊರು, ಹೋಬಳಿ, ತಾಲ್ಲೂಕು, ಹತ್ತಿರದ ದೇವಸ್ಥಾನವೋ ಶಾಲೆಯೋ ಸರಿಯಾಗಿ ಹೇಳಿ, ಒಂದೇ ಹೆಸರಿನ ಊರು ಮೂರಿರುತ್ತೆ. ಒಬ್ಬ ಹುಡುಗ ಟಾರ್ಚ್ ಹಿಡ್ಕೊಂಡು ಮೇನ್ ರೋಡಿಗೆ ಹೋಗಿ ನಿಲ್ಲಲಿ. ಆದ್ರೆ 108 ಒಂದನ್ನೇ ನಂಬಿ ಕೂತ್ಕೋಬೇಡಿ. ಊರಲ್ಲಿ ಟಾಟಾ ಏಸ್, ಬೊಲೆರೋ, ಆಟೋ ಇರೋ ಇಬ್ಬರ ಹತ್ರ ಮೊದಲೇ ಮಾತಾಡಿ, "ಮುಂದಿನ ತಿಂಗಳು ಹತ್ತರಿಂದ ಇಪ್ಪತ್ತೈದರೊಳಗೆ ಯಾವಾಗ ಬೇಕಾದ್ರೂ ಕರೀಬಹುದು ಅಣ್ಣಾ, ಡೀಸಲ್ ಹಾಕ್ಸಿಟ್ಟಿರು" ಅಂತ. 108 ಅರ್ಧ ಗಂಟೇಲಿ ಬರಲ್ಲ ಅಂತ ಗೊತ್ತಾದ್ರೆ ಹೊರಟೇ ಬಿಡಿ. ಮಲೆನಾಡಿನ ಒಂಟಿ ಮನೆಗಳೋರು, ಮಳೆಗಾಲದಲ್ಲಿ ಹಳ್ಳ ತುಂಬಿದ್ರೆ ದಾರಿನೇ ಇಲ್ಲ, ನೆಟ್‌ವರ್ಕೂ ಇಲ್ಲ, ಅಂಥ ಕಡೆ ಹೆರಿಗೆ ತಾರೀಕಿಗೆ ಹದಿನೈದು ದಿನ ಮುಂಚೆನೇ ತಾಲ್ಲೂಕಿನಲ್ಲಿರೋ ನೆಂಟರ ಮನೇಲಿ ಬಿಡೋದೇ ಸರಿ. ಜೋಳಿಗೇಲಿ ಹೊತ್ಕೊಂಡು ಹೋಗೋ ಸ್ಥಿತಿ ಬರೋಕೆ ಬಿಡ್ಬೇಡಿ.

ರಕ್ತ ಕೊಡೋರು ಮೂರು ನಾಲ್ಕು ಜನದ ಹೆಸರು, ಗುಂಪು, ನಂಬರು ಬರ್ದಿಡಿ. ಗಂಡಸರು 90 ದಿನಕ್ಕೊಂದ್ಸಲ ಕೊಡಬಹುದು, 18 ತುಂಬಿರ್ಬೇಕು, 45 ಕೆಜಿ ಆದ್ರೂ ಇರ್ಬೇಕು. ರಕ್ತ ಕೊಟ್ರೆ ದುಡಿಯೋಕೆ ಆಗಲ್ಲ, ಗಂಡಸ್ತನ ಹೋಗುತ್ತೆ ಅಂತೆಲ್ಲಾ ಹೆದರಿ ಗಂಡನೇ ಹಿಂದೆ ಸರಿಯೋದನ್ನ ನೋಡಿದಾಗ ತುಂಬಾ ಸಂಕಟ ಆಗುತ್ತೆ, ಕೊಟ್ಟ ಮಾರನೇ ದಿನವೇ ಮಾಮೂಲಿ ಕೆಲಸಕ್ಕೆ ಹೋಗಬಹುದು. ಹೆಂಡತಿ ನೆಗೆಟಿವ್ ಗುಂಪು ಆಗಿ ಗಂಡ ಪಾಸಿಟಿವ್ ಆಗಿದ್ರೆ ಡಾಕ್ಟ್ರಿಗೆ ಹೇಳಿ, ಮಗು ಪಾಸಿಟಿವ್ ಹುಟ್ಟಿದ್ರೆ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಬೀಳ್ಬೇಕು, ಮುಂದಿನ ಮಗುವಿನ ಜೀವಕ್ಕೆ ಅದು.

ದುಡ್ಡಿನ ವಿಷಯ ಚುಟುಕಾಗಿ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿ ಬರೋ ಗಾಡಿ ಎಲ್ಲಾ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ 2011ರಿಂದ ಫ್ರೀ, ಇದು ದಯೆ ಅಲ್ಲ ಹಕ್ಕು. ಮನೆಗೆ ಬಿಡೋಕೆ ನಗು-ಮಗು ಗಾಡಿ ಕೇಳಿ. ಬಿಪಿಎಲ್‌ನೋರಿಗೆ, ಪರಿಶಿಷ್ಟರಿಗೆ ಜನನಿ ಸುರಕ್ಷಾ ಯೋಜನೇಲಿ ಹಳ್ಳಿಯೋರಿಗೆ 700 ರೂಪಾಯಿ, ಮಾತೃವಂದನಾ ಯೋಜನೇಲಿ ಅರ್ಹರಿಗೆ ಮೊದಲ ಮಗುಗೆ 5,000, ಎರಡನೇದು ಹೆಣ್ಣಾದ್ರೆ 6,000, ಇದಕ್ಕೆ ಹೆಂಡತಿ ಹೆಸರಲ್ಲೇ ಆಧಾರ್ ಜೋಡಿಸಿರೋ ಬ್ಯಾಂಕ್ ಖಾತೆ ಬೇಕು, ಐದನೇ ತಿಂಗಳಲ್ಲೇ ಮಾಡಿಸಿ. ಮಗು ತೋರ್ಸೋಕೆ, ತೊಳೆಯೋಕೆ ಅಂತ ಯಾರಾದ್ರೂ ಕೈ ಚಾಚಿದ್ರೆ ಆರೋಗ್ಯ ಸಹಾಯವಾಣಿ 104ಕ್ಕೆ ಹೇಳಿ. ಆದ್ರೂ ಕೈಯಲ್ಲಿ ಐದು ಸಾವಿರ ಇಟ್ಕೊಳ್ಳಿ, ಅವತ್ತು ರಾತ್ರಿ ದುಡ್ಡಿಗೋಸ್ಕರ ಯಾರ ಬಾಗಿಲೂ ತಟ್ಟೋ ಹಂಗಾಗ್ಬಾರ್ದು.

ಆ ಹಾಳೇಲಿ ಕೊನೇ ಸಾಲು ಒಂದಿರ್ಲಿ: ಗಂಡ ಊರಲ್ಲಿ ಇಲ್ದಿದ್ರೆ ಹೊರಡೋಣ ಅನ್ನೋದು ಯಾರು. ಹೆಸರು ಬರೀರಿ. ಅತ್ತೆ ಆಗಬಹುದು, ಪಕ್ಕದ ಮನೆ ಅಕ್ಕ ಆಗಬಹುದು. ಅವರು ಹೊರಡಿ ಅಂದ್ರೆ ಯಾರೂ ಎದುರು ಮಾತಾಡ್ಬಾರ್ದು, ಗಂಡನಿಗೆ ಫೋನ್ ಸಿಗ್ಲಿಲ್ಲ ಅಂತ ಕಾಯ್ಬಾರ್ದು. ನೀರು ಹೋದ್ರೆ, ಒಂದು ಹನಿಗಿಂತ ಜಾಸ್ತಿ ರಕ್ತ ಕಂಡ್ರೆ, ಮಗು ಮಿಸುಕಾಡೋದು ಕಡಿಮೆ ಆದ್ರೆ, ಜ್ವರ ಬಂದ್ರೆ, ಉಸಿರು ಕಟ್ಟಿದ್ರೆ, ತಾರೀಕು ಇನ್ನೂ ಇದೆ ಅಂತ ಲೆಕ್ಕ ಹಾಕ್ದೆ ಹೊರಡೋದೇ.

ಹೆರಿಗೆ ದಿನ ಮತ್ತು ಆಮೇಲಿನ ಒಂದು ದಿನ

ಒಂದು ಕೆಲಸ ಯಾವತ್ತೂ ಮಾಡ್ಬೇಡಿ: ಮನೇಲೋ, ಊರಿನ ಆರ್‌ಎಂಪಿ (ಡಿಗ್ರಿ ಇಲ್ದೇ ಡಾಕ್ಟ್ರ ಕೆಲಸ ಮಾಡೋರು) ಹತ್ರನೋ ನೋವು ಜಾಸ್ತಿ ಮಾಡೋ ಇಂಜೆಕ್ಷನ್ ಹಾಕಿಸೋದು. ಬೇಗ ಆಗ್ಲಿ ಅಂತ ಹಾಕಿಸ್ತಾರೆ, ಗರ್ಭಕೋಶನೇ ಒಡೆದು ಹೋಗಬಹುದು. ಹೊಟ್ಟೆ ಮೇಲೆ ಒತ್ತೋದೂ ಬೇಡ.

ಅದೇ ಇಂಜೆಕ್ಷನ್, ಆಕ್ಸಿಟೋಸಿನ್, ಮಗು ಹೊರಗೆ ಬಂದ ಒಂದು ನಿಮಿಷದೊಳಗೆ ಕೊಟ್ರೆ ಜೀವ ಉಳಿಸುತ್ತೆ, ಗರ್ಭಕೋಶ ಗಟ್ಟಿಯಾಗಿ ರಕ್ತ ನಿಲ್ಲುತ್ತೆ. ಅದನ್ನ 2ರಿಂದ 8 ಡಿಗ್ರಿ ತಂಪಲ್ಲಿ ಇಡ್ಬೇಕು, ಬಿಸಿಲಲ್ಲಿ ಕರೆಂಟ್ ಹೋಗಿ ಫ್ರಿಜ್ ಕೆಟ್ಟಿದ್ರೆ ಔಷಧಿ ಶಕ್ತಿ ಹೋಗಿರುತ್ತೆ, ನೋಡೋಕೆ ಮಾತ್ರ ನೀರಿನ ಥರ ಹಂಗೇ ಇರುತ್ತೆ. ಈ ತೊಂದರೆಗೆ ಒಂದು ದಾರಿ ತೋರ್ಸಿದ್ದು ನಮ್ಮ ಬೆಳಗಾವಿ ಸುತ್ತಲಿನ ಹಳ್ಳಿಗಳು ಅಂತ ಎಷ್ಟು ಜನಕ್ಕೆ ಗೊತ್ತೋ. ಬೆಳಗಾವಿಯ ಜೆಎನ್ ಮೆಡಿಕಲ್ ಕಾಲೇಜಿನೋರು ಅಮೆರಿಕದವರ ಜೊತೆ ಸೇರಿ 1,620 ಹೆಂಗಸರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು, ಹೆರಿಗೆ ಮಾಡಿಸಿದ್ದು ಹಳ್ಳಿ ಸಿಸ್ಟರುಗಳೇ, ಮಗು ಹುಟ್ಟಿದ ತಕ್ಷಣ ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದ್ರು, ಇನ್ನರ್ಧಕ್ಕೆ ಔಷಧಿ ಇಲ್ದಿರೋ ಮಾತ್ರೆ. ಜಾಸ್ತಿ ರಕ್ತ ಹೋಗೋರು ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳೀತು. ಫ್ರಿಜ್ ಬೇಡ, ಸೂಜಿ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಹೆರಿಗೆ ರಕ್ತಸ್ರಾವ ತಡೆಯೋ ಅಗತ್ಯ ಔಷಧಿಗಳ ಪಟ್ಟೀಲಿ ಸೇರಿಸ್ತು. (ನೀವೇ ಮೆಡಿಕಲ್ ಶಾಪಿಂದ ತಂದು ಕೊಡೋಕೆ ಹೋಗ್ಬೇಡಿ, ಮಗು ಒಳಗಿರೋವಾಗ ಕೊಟ್ರೆ ಅನಾಹುತ.)

ಅದೇ ಅಧ್ಯಯನದಲ್ಲಿ ಸೊಂಟದಡಿ ಹಾಸೋ ಪ್ಲಾಸ್ಟಿಕ್ ಹಾಳೆ, ಕೆಳಗೆ ಅಳತೆ ಗೆರೆ ಇರೋ ಚೀಲ ಬಳಸಿದ್ರು, ಹೋದ ರಕ್ತ ಅಳೆಯೋಕೆ. ಕಣ್ಣಂದಾಜಿನ ಲೆಕ್ಕ ನಿಜಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಇರುತ್ತೆ ಅಂತ ಆಗ ಗೊತ್ತಾಯ್ತು. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಇಂಥದ್ದೇ ಹಾಳೆ ಹಾಸಿ, ರಕ್ತ ಮಿತಿ ದಾಟಿದ ಕೂಡ್ಲೇ ಗರ್ಭಕೋಶ ಉಜ್ಜೋದು, ಔಷಧಿ, ಡ್ರಿಪ್ ಎಲ್ಲಾ ಒಟ್ಟಿಗೇ ಶುರು ಮಾಡಿದಾಗ ತೀವ್ರ ರಕ್ತಸ್ರಾವದ ತೊಂದರೆಗಳು ನೂರಕ್ಕೆ 60 ಕಡಿಮೆ ಆದ್ವು. ಹೊಸ ಮಷೀನಲ್ಲ, ಹೊಸ ಔಷಧಿ ಅಲ್ಲ, ಅಳೆದು ನೋಡಿ ತಡ ಮಾಡ್ದೇ ಕೆಲಸ ಮಾಡಿದ್ದು.

ಮನೆಯವರಿಗೆ ಇದ್ರಿಂದ ಏನು ಅಂದ್ರೆ, ಹೆರಿಗೆ ಆಯ್ತು, ಗಂಡೋ ಹೆಣ್ಣೋ, ಪೇಡ ಹಂಚಿದ್ವು ಅಂತ ಎಲ್ಲರೂ ಮಗು ಹತ್ರ ಸೇರ್ಬೇಡಿ. ಒಬ್ಬರು ತಾಯಿ ಹತ್ರ ಇರಿ. ಹೆರಿಗೆ ಕೋಣೇಲಿ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿದೆ, ಕೇಳಿ. ಮೊದಲ ಎರಡು ಗಂಟೆ ಬಟ್ಟೆ ನೋಡ್ತಾನೇ ಇರಿ. "ಕೆಟ್ಟ ರಕ್ತ ಹೋಗ್ಲಿ ಬಿಡು, ಹೊಟ್ಟೆ ಕ್ಲೀನ್ ಆಗುತ್ತೆ" ಅನ್ನೋ ಮಾತಿದೆಯಲ್ಲ, ಆ ಮಾತಿಂದ ಹೋಗಿರೋ ಜೀವ ಎಷ್ಟೋ. ಕೆಟ್ಟ ರಕ್ತ ಅಂತ ಇಲ್ಲ. ಪ್ಯಾಡ್ ಗಂಟೆಯೊಳಗೇ ಪೂರ್ತಿ ನೆನೆದ್ರೆ, ಗಡ್ಡೆ ಗಡ್ಡೆ ಬಿದ್ರೆ, ತಲೆ ಸುತ್ತಿ ಬೆವರಿದ್ರೆ, ಅರ್ಧ ಗಂಟೆ ಆದ್ರೂ ಕಸ (ಮಾಸು) ಬೀಳ್ದಿದ್ರೆ ಸಿಸ್ಟರನ್ನ ಕೂಗಿ, ಅವರು ಬರೋವರೆಗೂ ಬಿಡ್ಬೇಡಿ. ಇದಕ್ಕೆ ಸಿಗೋದು ಎರಡು ಗಂಟೆ ಅಷ್ಟೇ ಇರಬಹುದು. ಮಾಮೂಲಿ ಹೆರಿಗೆ ಆದ್ರೂ 48 ಗಂಟೆ ಆಸ್ಪತ್ರೇಲೇ ಇರಿ, ಸಗಣಿ ಬಾಚೋರಿಲ್ಲ, ಹಾಲು ಕರೆಯೋರಿಲ್ಲ ಅಂತ ಮಾರನೇ ದಿನ ಕರ್ಕೊಂಡು ಬರ್ಬೇಡಿ.

ಬಾಣಂತನದ 42 ದಿನ

ಬಾಣಂತನ ನಮ್ಮಲ್ಲಿ ಒಳ್ಳೇ ಪದ್ಧತಿ, ರೆಸ್ಟ್ ಸಿಗುತ್ತೆ, ಎಣ್ಣೆ ನೀರು ಸಿಗುತ್ತೆ. ಎರಡೇ ತಕರಾರು. ನೀರು ಕೊಡ್ದಿರೋದು ಒಂದು, ಹಾಲು ಕುಡಿಸೋ ತಾಯಿಗೆ ನೀರು ಜಾಸ್ತೀನೇ ಬೇಕು, ಹೊಟ್ಟೆ ಬರಲ್ಲ ಅದಕ್ಕೆ. ಬರೀ ಅನ್ನ ಮೆಣಸಿನ ಸಾರು ಕೊಡೋದು ಇನ್ನೊಂದು, ಸೊಪ್ಪು ಬೇಳೆ ಮೊಟ್ಟೆ ಎಲ್ಲಾ ಕೊಡಿ. ಆಶಾ 3, 7, 14, 21, 28, 42ನೇ ದಿನ ಮನೆಗೆ ಬರ್ಬೇಕು, ಬಂದಾಗ ಮಗು ತೂಕ ಅಷ್ಟೇ ಅಲ್ಲ, ತಾಯಿ ಜ್ವರ, ಬಿಪಿ, ಹೊಲಿಗೆ ಕೇಳಿಸಿ. ಜ್ವರ, ಕೆಟ್ಟ ವಾಸನೆ, ಕೆಳಹೊಟ್ಟೆ ನೋವು ಇದ್ರೆ ನಂಜು ಅಂತ ಖಾರ ಕಷಾಯ ಮಾಡ್ಕೊಂಡು ಕೂರ್ಬೇಡಿ. ಒಂದೇ ಕಾಲು ಊದಿ ನೋವಾದ್ರೂ ಹೋಗಿ. ಫಿಟ್ಸ್ ಹೆರಿಗೆ ಆದ ಮೇಲೂ ಬರಬಹುದು. ಸುಮ್ನೆ ಅಳ್ತಾಳೆ, ಮಗು ಎತ್ಕೊಳ್ಳಲ್ಲ, ನಿದ್ದೆ ಇಲ್ಲ ಅಂದ್ರೆ ಅದು ಸೋಗಲ್ಲ, ಅದಕ್ಕೂ ಡಾಕ್ಟ್ರಿದ್ದಾರೆ. ಮುಂದಿನ ಮಗು ಮೂರು ವರ್ಷ ಬಿಟ್ಟು. ಬೇಡದ ಬಸಿರಾದ್ರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸ್ಬೇಡಿ, ಸರ್ಕಾರಿ ಆಸ್ಪತ್ರೇಲಿ ಕಾನೂನು ಪ್ರಕಾರ ಆಗುತ್ತೆ.

ಊರು ಮಾಡ್ಬೇಕಾದ್ದು

ಪ್ರತಿ ಊರಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಇರ್ಬೇಕು, ವರ್ಷಕ್ಕೆ 10,000ದವರೆಗೆ ದುಡ್ಡೂ ಬರುತ್ತೆ. ನಿಮ್ಮೂರಲ್ಲಿ ಅದರ ಸದಸ್ಯರು ಯಾರು ಕೇಳಿ ನೋಡಿ. ತಿಂಗಳಿಗೊಂದು ಸಲ ಕೂತು, ಮುಂದಿನ ಎರಡು ತಿಂಗಳಲ್ಲಿ ಹೆರಿಗೆ ಯಾರದು, ಅವರಿಗೆ ಗಾಡಿ ರಕ್ತ ರೆಡಿ ಇದ್ಯಾ ಅಂತ ಆಶಾ ಜೊತೆ ನೋಡಿದ್ರೆ ಸಾಕು. ಪಿಎಚ್‌ಸಿ ಆರೋಗ್ಯ ರಕ್ಷಾ ಸಮಿತೀಲಿ ಪಂಚಾಯ್ತಿಯೋರು ಇರ್ತಾರೆ, ಅವರು ಕೇಳ್ಬೇಕಾದ್ದು: ಫ್ರಿಜ್‌ಗೆ ಇನ್ವರ್ಟರ್ ಇದ್ಯಾ, ಮೆಗ್ನೀಸಿಯಂ ಸಲ್ಫೇಟ್ ಸ್ಟಾಕ್ ಇದ್ಯಾ, ಬಿಪಿ ಮಷೀನ್ ಸರಿ ತೋರ್ಸುತ್ತಾ, ರಕ್ತ ಅಳೆಯೋ ಹಾಳೆ ತರಿಸೋಕಾಗುತ್ತಾ, ರಾತ್ರಿ ಸಿಸ್ಟರ್ ಉಳ್ಕೊಳ್ಳೋಕೆ ಬಾಗಿಲು ಚಿಲಕ ಇರೋ ಕೋಣೆ, ಬಾತ್‌ರೂಮ್ ಇದ್ಯಾ. ಕೊನೇದನ್ನ ಯಾರೂ ಕೇಳಲ್ಲ, ಆಮೇಲೆ ರಾತ್ರಿ ಸಿಸ್ಟರ್ ಇರಲ್ಲ ಅಂತ ಬೈತೀವಿ.

ಆಶಾಗಳ ಬಗ್ಗೆ ಒಂದು ಮಾತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಿತು, 2025ರ ಜನವರೀಲಿ ಇದೇ ಹೆಣ್ಣುಮಕ್ಕಳು ತಿಂಗಳಿಗೆ ಖಚಿತವಾದ ಗೌರವಧನ ಕೊಡಿ ಅಂತ ಬೆಂಗಳೂರಿನ ಚಳೀಲಿ ಹಗಲು ರಾತ್ರಿ ಕೂತಿದ್ರು. ರಾತ್ರಿ ಎರಡು ಗಂಟೆಗೆ ನಿಮ್ಮ ಮನೆಯೋಳ ಜೊತೆ ಆಂಬುಲೆನ್ಸ್ ಹತ್ತೋದು ಅವರೇ. ಅವರು ಕೇಳೋದನ್ನ ಗ್ರಾಮಸಭೇಲಿ ನೀವೂ ಕೇಳಿ.

ಇಷ್ಟೆಲ್ಲಾ ಮಾಡಿದ್ರೂ ಒಂದು ಸಾವು ಆದ್ರೆ ಹಣೆಬರಹ ಅಂತ ಮಣ್ಣು ಮಾಡಿ ಬಂದು ಸುಮ್ಮನಾಗ್ಬೇಡಿ. 2024ರ ನವೆಂಬರಲ್ಲಿ ಬಳ್ಳಾರೀಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರ್ಕೊಂಡಾಗ, ಅವರಿಗೆ ಹಾಕಿದ್ದ ಡ್ರಿಪ್ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸ್ತು, ಮನೆಯೋರು ದನಿ ಎತ್ತದೇ ಇದ್ದಿದ್ರೆ ಅದೂ ಇನ್ನೊಂದು ತಿಂಗಳು ಹಂಗೇ ನಡೀತಿತ್ತೋ ಏನೋ. ಬಸಿರಿನಲ್ಲಿ, ಹೆರಿಗೇಲಿ, ಆಮೇಲಿನ 42 ದಿನದಲ್ಲಿ ಆದ ಪ್ರತಿ ಸಾವಿನ ಬಗ್ಗೆ ಸರ್ಕಾರ ವಿಚಾರಣೆ ಮಾಡ್ಲೇಬೇಕು, ಊರಲ್ಲೂ ಆಸ್ಪತ್ರೇಲೂ, ತಾಯಿ ಮರಣ ಪರಿಶೀಲನೆ ಅಂತ. ಅದು ಯಾರನ್ನೋ ಜೈಲಿಗೆ ಹಾಕೋಕಲ್ಲ, ಎಲ್ಲಿ ತಡ ಆಯ್ತು ಅಂತ ಹುಡುಕೋಕೆ. ನೆನಪು ಮಾಸೋ ಮೊದಲು ಒಂದು ಹಾಳೇಲಿ ಬರ್ದಿಡಿ: ನೋವು ಅಥವಾ ರಕ್ತ ಎಷ್ಟು ಗಂಟೆಗೆ ಶುರುವಾಯ್ತು, 108ಕ್ಕೆ ಎಷ್ಟಕ್ಕೆ ಫೋನ್ ಮಾಡಿದ್ರಿ (ಫೋನಲ್ಲೇ ಟೈಮ್ ಇರುತ್ತೆ), ಗಾಡಿ ಎಷ್ಟಕ್ಕೆ ಬಂತು, ಮೊದಲ ಆಸ್ಪತ್ರೆ ಎಷ್ಟಕ್ಕೆ ತಲುಪಿದ್ರಿ, ಅಲ್ಲಿ ಯಾವ ಇಂಜೆಕ್ಷನ್ ಕೊಟ್ರು, ಡಾಕ್ಟ್ರು ಎಷ್ಟಕ್ಕೆ ನೋಡಿದ್ರು, ಮುಂದಕ್ಕೆ ಯಾವಾಗ ಕಳ್ಸಿದ್ರು, ರಕ್ತ ಎಷ್ಟೊತ್ತಿಗೆ ಸಿಕ್ತು. ತಾಯಿ ಕಾರ್ಡು, ರೆಫರ್ ಚೀಟಿ ಜೆರಾಕ್ಸ್ ಜೊತೆಗಿಟ್ಟು ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಒಂದು ಪಂಚಾಯ್ತಿಗೆ ಕೊಡಿ, ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಂಡು ಬನ್ನಿ.